ನಾಯಕರ ವಿವಾದಾತ್ಮಕ ಹೇಳಿಕೆ, ಪಕ್ಷಗಳ ಆಕ್ರೋಶ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಕರೊಬ್ಬರು ನಾಲಿಗೆ ಹರಿಬಿಡುತ್ತಾರೆ. ಎದುರಾಳಿ ಪಕ್ಷ ಬೀದಿಗಿಳಿಯುತ್ತದೆ, ಸ್ವಂತ ಪಕ್ಷ ‘ಅದು ಅವರ ವೈಯಕ್ತಿಕ ಅಭಿಪ್ರಾಯ’ ಎನ್ನುತ್ತದೆ. ನಾಲ್ಕು ದಿನ ಕಳೆದರೆ ಎಲ್ಲವೂ ತಣ್ಣಗಾಗುತ್ತದೆ. ಇಂಥ ಪ್ರತಿ ಸಂದರ್ಭದಲ್ಲೂ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇನೆ. ಕಾನೂನಿನ ಮಾತು ಬಂದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್‌ಗಳನ್ನು ಹೇಳಿದ್ದೇನೆ. ಯಾರ ಕೊಳಕು ಮಾತನ್ನೂ ಇಲ್ಲಿ ಮತ್ತೆ ಅಕ್ಷರಕ್ಕೆ ಇಳಿಸಿಲ್ಲ. ಅವು ಒಮ್ಮೆ ನೋಯಿಸಿದ್ದೇ ಸಾಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಷವೊಂದರ ಸಿಟ್ಟು ಎಷ್ಟು ನಿಜ ಎಂಬುದು ಆ ದಿನದ ಪ್ರತಿಭಟನೆ ನೋಡಿದರೆ ತಿಳಿಯುವುದಿಲ್ಲ. ತನ್ನದೇ ಮನುಷ್ಯ ಅಂಥದ್ದೇ ಮಾತಾಡಿದಾಗ ಅದು ಏನು ಮಾಡಿತು, ಆರು ತಿಂಗಳು ಕಳೆದ ಮೇಲೆ ಆ ಮನುಷ್ಯ ಯಾವ ಹುದ್ದೆಯಲ್ಲಿದ್ದ ಎಂದು ನೋಡಿದರೆ ತಿಳಿಯುತ್ತದೆ.

ಹಾಗಾದರೆ ಈ ಆಕ್ರೋಶವೆಲ್ಲ ಬರೀ ನಾಟಕವೇ?

ಅಲ್ಲ. ಹಾಗೆಂದು ಕೈತೊಳೆದುಕೊಳ್ಳುವುದು ಸುಲಭ, ಆದರೆ ತಪ್ಪು. ಪ್ರತಿಭಟನೆಗೆ ಬರುವ ಸಾಮಾನ್ಯ ಕಾರ್ಯಕರ್ತರಲ್ಲಿ ಅನೇಕರಿಗೆ ನಿಜವಾಗಿಯೂ ನೋವಾಗಿರುತ್ತದೆ. ತಮ್ಮ ಜಾತಿಯ ಬಗ್ಗೆ, ಧರ್ಮದ ಬಗ್ಗೆ, ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಆಡಿದ ಮಾತು ಮನೆಯೊಳಗೂ ಚರ್ಚೆಯಾಗಿರುತ್ತದೆ. ಅವರ ಸಿಟ್ಟನ್ನು ಪಕ್ಷ ಯಾವಾಗ ಬಳಸಿಕೊಳ್ಳುತ್ತದೆ, ಯಾವಾಗ ಅದುಮಿಡುತ್ತದೆ ಎಂಬಲ್ಲಿ ಲೆಕ್ಕಾಚಾರ ಶುರುವಾಗುತ್ತದೆ.

2025ರ ಮೇ ತಿಂಗಳನ್ನೇ ನೋಡಿ. ಆಪರೇಷನ್ ಸಿಂಧೂರದ ವಿವರಗಳನ್ನು ದೇಶದ ಮುಂದಿಟ್ಟ ಕರ್ನಲ್ ಸೋಫಿಯಾ ಖುರೇಷಿ ಅವರನ್ನು ಗುರಿಯಾಗಿಸಿ ಮಧ್ಯಪ್ರದೇಶದ ಬಿಜೆಪಿ ಸಚಿವ ವಿಜಯ್ ಶಾ ಅತ್ಯಂತ ಕೀಳಾಗಿ ಮಾತಾಡಿದರು. ಕೆಲವೇ ದಿನಗಳಲ್ಲಿ ಸಮಾಜವಾದಿ ಪಕ್ಷದ ರಾಮ್‌ಗೋಪಾಲ್ ಯಾದವ್, ಖುರೇಷಿ ಅವರ ಜೊತೆ ಆ ವಿವರ ನೀಡಿದ್ದ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಅವರ ಜಾತಿಯನ್ನು ಸಾರ್ವಜನಿಕ ಸಭೆಯಲ್ಲಿ ಎತ್ತಿ ಆಡಿದರು. ಮಾತುಗಳ ತೂಕ ಒಂದೇ ಅಲ್ಲ, ಮೊದಲನೆಯದು ಬಹಳ ಹೆಚ್ಚು ಹೊಲಸು. ಆದರೆ ಎರಡೂ ಕಡೆ ಎದುರಾಳಿಯ ಮೇಲೆ ಬೆಂಕಿಯಾದ ವಕ್ತಾರರು ತಮ್ಮವರ ವಿಷಯ ಬಂದಾಗ ಮೆತ್ತಗಾದರು. ಸಮವಸ್ತ್ರದಲ್ಲಿದ್ದ ಆ ಇಬ್ಬರು ಹೆಣ್ಣುಮಕ್ಕಳ ಪರವಾಗಿ ಎರಡೂ ಮಾತುಗಳನ್ನು ಒಂದೇ ಉಸಿರಿನಲ್ಲಿ ಖಂಡಿಸಿದವರನ್ನು ಹುಡುಕಬೇಕಾಯಿತು.

‘ಅದು ಅವರ ವೈಯಕ್ತಿಕ ಅಭಿಪ್ರಾಯ’ ಎಂದರೆ ಪಕ್ಷದ, ಸರ್ಕಾರದ ಹೊಣೆ ಮುಗಿಯಿತೇ?

ಕಾನೂನಿನ ದೃಷ್ಟಿಯಲ್ಲಿ ಬಹುಮಟ್ಟಿಗೆ ಹೌದು. 2016ರಲ್ಲಿ ಉತ್ತರಪ್ರದೇಶದ ಬುಲಂದ್‌ಶಹರ್ ಅತ್ಯಾಚಾರ ಪ್ರಕರಣವನ್ನು ಅಂದಿನ ಸಚಿವ ಆಜಂ ಖಾನ್ ರಾಜಕೀಯ ಪಿತೂರಿ ಎಂದು ಕರೆದಿದ್ದರು. ಅಲ್ಲಿಂದ ಹೊರಟ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಯಿತು. 2023ರ ಜನವರಿ 3ರಂದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಬಂದ ತೀರ್ಪಿನ ಪ್ರಕಾರ, ಸಚಿವರು ಆಡಿದ ಮಾತನ್ನು ಸಾಮೂಹಿಕ ಹೊಣೆಗಾರಿಕೆಯ ತತ್ವದ ಹೆಸರಿನಲ್ಲಿ ಇಡೀ ಸರ್ಕಾರದ ತಲೆಗೆ ಕಟ್ಟಲಾಗದು.

ಆ ಪೀಠದಲ್ಲಿ ಭಿನ್ನವಾಗಿ ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಸಚಿವರ ಮಾತು ಸರ್ಕಾರದ ನಿಲುವನ್ನೂ ಬಿಂಬಿಸುವಂತಿದ್ದರೆ ಅದನ್ನು ಸರ್ಕಾರದ್ದೆಂದೇ ಎಣಿಸಬೇಕು ಎಂದು ಅವರು ಹೇಳಿದರು. ತಮ್ಮ ಸದಸ್ಯರ ಮಾತಿಗೆ ಲಗಾಮು ಹಾಕುವುದು ಪಕ್ಷಗಳ ಕೆಲಸ, ಅದಕ್ಕೊಂದು ನೀತಿ ಸಂಹಿತೆ ಮಾಡಿಕೊಳ್ಳಬಹುದು ಎಂದೂ ಸೇರಿಸಿದರು. ನನಗೆ ಸರಿ ಎನಿಸುವುದು ಈ ಭಿನ್ನಮತವೇ. ಕಾರು, ಬಂಗಲೆ, ಭದ್ರತೆ, ವೇದಿಕೆ ಎಲ್ಲವೂ ಸರ್ಕಾರದ್ದಾಗಿರುವಾಗ ಬಾಯಿ ಮಾತ್ರ ಖಾಸಗಿ ಎನ್ನುವುದು ಒಪ್ಪುವ ಮಾತಲ್ಲ.

ರಾಜಕೀಯವಾಗಿ ಈ ಸಮಜಾಯಿಷಿಗೆ ಆಯುಷ್ಯ ಕಡಿಮೆ. ಉತ್ತರ ಕನ್ನಡದ ಸಂಸದರಾಗಿದ್ದ ಅನಂತಕುಮಾರ ಹೆಗಡೆ 2017ರ ಡಿಸೆಂಬರ್‌ನಲ್ಲಿ, ಕೇಂದ್ರದ ಸಚಿವರಾಗಿದ್ದಾಗ, ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ಸಂವಿಧಾನ ಬದಲಿಸುವ ಮಾತಾಡಿದರು. ಲೋಕಸಭೆಯಲ್ಲಿ ಗದ್ದಲವಾಗಿ ಕ್ಷಮೆ ಕೇಳಿದರು. 2019ರಲ್ಲಿ ಮತ್ತೆ ಟಿಕೆಟ್ ಸಿಕ್ಕಿತು, ಗೆದ್ದರು. 2024ರ ಮಾರ್ಚ್‌ನಲ್ಲಿ ನಾನೂರು ಸ್ಥಾನ ಬಂದರೆ ಸಂವಿಧಾನ ತಿದ್ದಬಹುದು ಎಂಬರ್ಥದ ಮಾತು ಮತ್ತೆ ಅವರ ಬಾಯಿಂದ ಬಂತು. ಪಕ್ಷ ವೈಯಕ್ತಿಕ ಅಭಿಪ್ರಾಯ ಎಂದಿತು, ಆ ಬಾರಿ ಟಿಕೆಟ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವರ ಪಾಲಾಯಿತು. ಆದರೆ ಅಷ್ಟರಲ್ಲಿ ಆ ಮಾತು ದೇಶದ ತುಂಬ ಹರಡಿ, ವಿರೋಧ ಪಕ್ಷಗಳ ಪ್ರಚಾರದ ಮುಖ್ಯ ಅಸ್ತ್ರವಾಗಿತ್ತು. ಮೊದಲ ಸಲವೇ ಗಟ್ಟಿಯಾಗಿ ತಡೆದಿದ್ದರೆ ಎರಡನೆಯ ಸಲ ಬರುತ್ತಿತ್ತೇ ಎಂಬುದು ಆ ಪಕ್ಷ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಪಕ್ಷ ಅಮಾನತು ಮಾಡಿತಲ್ಲ, ಇನ್ನೇನು ಬೇಕು?

ಅಮಾನತು ಮಾಡಿದ ದಿನ ಯಾವುದು, ಹಿಂಪಡೆದ ದಿನ ಯಾವುದು ಎಂದು ನೋಡಬೇಕು.

2017ರ ಡಿಸೆಂಬರ್ 7ರಂದು ಮಣಿಶಂಕರ್ ಅಯ್ಯರ್ ಪ್ರಧಾನಿಯ ಬಗ್ಗೆ ಅವಹೇಳನದ ಮಾತಾಡಿದರು. ಎರಡೇ ದಿನಕ್ಕೆ ಗುಜರಾತ್ ವಿಧಾನಸಭೆಯ ಮೊದಲ ಹಂತದ ಮತದಾನವಿತ್ತು. ಅಂದು ರಾತ್ರಿಯೇ ಕಾಂಗ್ರೆಸ್ ಅವರನ್ನು ಅಮಾನತು ಮಾಡಿತು. 2018ರ ಆಗಸ್ಟ್‌ನಲ್ಲಿ ಅಮಾನತು ರದ್ದಾಯಿತು. ಸ್ಯಾಮ್ ಪಿತ್ರೋಡಾ ಭಾರತೀಯರ ಮೈಬಣ್ಣದ ಬಗ್ಗೆ ಆಡಿದ ಮಾತು ವಿವಾದವಾಗಿ 2024ರ ಮೇ 8ರಂದು ಇಂಡಿಯನ್ ಓವರ್‌ಸೀಸ್ ಕಾಂಗ್ರೆಸ್ ಅಧ್ಯಕ್ಷ ಸ್ಥಾನ ಬಿಟ್ಟರು. ಲೋಕಸಭಾ ಚುನಾವಣೆ ಇನ್ನೂ ನಡೆಯುತ್ತಿತ್ತು. ಜೂನ್ 4ಕ್ಕೆ ಫಲಿತಾಂಶ ಬಂತು, ಜೂನ್ 26ಕ್ಕೆ ಅದೇ ಹುದ್ದೆಗೆ ಮತ್ತೆ ನೇಮಕವಾಯಿತು.

ಬಿಜೆಪಿಯ ಕಡೆ ಅಂದಿನ ವಕ್ತಾರೆ ನೂಪುರ್ ಶರ್ಮಾ ಪ್ರಕರಣ. 2022ರ ಮೇ ಕೊನೆಯ ವಾರದಲ್ಲಿ ಟಿವಿ ಚರ್ಚೆಯೊಂದರಲ್ಲಿ ಪ್ರವಾದಿಯವರ ಬಗ್ಗೆ ಅವರು ಆಡಿದ ಮಾತಿಗೆ ದೇಶದೊಳಗೆ ಆಗಲೇ ದೂರುಗಳು ದಾಖಲಾಗಿದ್ದವು. ಪಕ್ಷ ಸುಮ್ಮನಿತ್ತು. ಜೂನ್ 5ರಂದು ಕತಾರ್, ಕುವೈತ್, ಇರಾನ್ ಭಾರತದ ರಾಯಭಾರಿಗಳನ್ನು ಕರೆಸಿಕೊಂಡವು. ಅಂದೇ ಅಮಾನತು ಆಯಿತು, ಪಕ್ಷದ ಮತ್ತೊಬ್ಬ ಪದಾಧಿಕಾರಿಯ ಉಚ್ಚಾಟನೆಯೂ ಆಯಿತು. ಇಲ್ಲಿನ ನಾಗರಿಕರ ನೋವಿಗೆ ಸಿಗದ ಕಿವಿ ಹೊರಗಿನ ದೇಶಗಳಿಗೆ ಒಂದೇ ದಿನದಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಕೋಪ ಪಕ್ಷಗಳ ಕೈ ಮೀರಿತ್ತು. ಅದೇ ತಿಂಗಳ ಕೊನೆಗೆ ಉದಯಪುರದಲ್ಲಿ, ಆಕೆಯ ಪರವಾಗಿ ಪೋಸ್ಟ್ ಹಾಕಿದ್ದಕ್ಕೆ ಒಬ್ಬ ದರ್ಜಿಯನ್ನು ಅವರ ಅಂಗಡಿಯೊಳಗೇ ಬರ್ಬರವಾಗಿ ಕೊಂದರು. ಯಾವ ಮಾತಿಗೂ, ಯಾವ ಸಿಟ್ಟಿಗೂ ಕೊಡಬಾರದ ಬೆಲೆ ಅದು.

ನನಗೆ ಹೆಚ್ಚು ಬೇಸರ ತಂದ ಪ್ರಕರಣ ಆಗ ಬಿಜೆಪಿ ಸಂಸದರಾಗಿದ್ದ ರಮೇಶ್ ಬಿಧೂರಿಯವರದು. 2023ರ ಸೆಪ್ಟೆಂಬರ್ 21ರಂದು ಲೋಕಸಭೆಯಲ್ಲಿ ಚಂದ್ರಯಾನ–3ರ ಯಶಸ್ಸಿನ ಚರ್ಚೆ ನಡೆದಿತ್ತು. ದೇಶವೇ ಹೆಮ್ಮೆಪಡುತ್ತಿದ್ದ ಆ ವಿಷಯದ ನಡುವೆ ಅವರು ಬಿಎಸ್‌ಪಿ ಸಂಸದ ಡ್ಯಾನಿಶ್ ಅಲಿ ಅವರನ್ನು ಧರ್ಮದ ಹೆಸರಿನಲ್ಲಿ ನಿಂದಿಸಿದರು. (ಕರ್ನಾಟಕದವರಿಗೆ ಡ್ಯಾನಿಶ್ ಅಲಿ ಅಪರಿಚಿತರಲ್ಲ, ಅವರು ಮೊದಲು ಜೆಡಿಎಸ್‌ನಲ್ಲಿದ್ದವರು.) ರಾಜನಾಥ್ ಸಿಂಗ್ ಸದನದಲ್ಲೇ ವಿಷಾದ ವ್ಯಕ್ತಪಡಿಸಿದರು, ಪಕ್ಷ ಶೋಕಾಸ್ ನೋಟಿಸ್ ಕೊಟ್ಟಿತು. ನೋಟಿಸಿನ ಬೆನ್ನಿಗೇ ರಾಜಸ್ಥಾನ ಚುನಾವಣೆಯಲ್ಲಿ ಟೋಂಕ್ ಜಿಲ್ಲೆಯ ಹೊಣೆಯನ್ನೂ ಕೊಟ್ಟಿತು. 2024ರಲ್ಲಿ ಲೋಕಸಭಾ ಟಿಕೆಟ್ ತಪ್ಪಿತು, 2025ರಲ್ಲಿ ದೆಹಲಿಯ ಕಾಲ್ಕಾಜಿಯಿಂದ ವಿಧಾನಸಭೆಗೆ ಟಿಕೆಟ್ ಸಿಕ್ಕಿತು. ಆ ಪ್ರಚಾರದಲ್ಲೂ ಮಹಿಳೆಯರ ಬಗ್ಗೆ ಮತ್ತೆ ಕೀಳಾಗಿ ಮಾತಾಡಿ ವಿಷಾದ ಹೇಳಿದರು. ಕೊನೆಗೆ ಸೋಲಿಸಿದವರು ಮತದಾರರು.

ವಿಧಾನಸಭೆಯಲ್ಲೋ ಸಂಸತ್ತಿನಲ್ಲೋ ಆಡಿದ ಮಾತಿಗೆ ಕೇಸು ಹಾಕಬಹುದೇ?

ಸಾಮಾನ್ಯವಾಗಿ ಇಲ್ಲ. ಸಂವಿಧಾನದ 105(2)ನೇ ವಿಧಿ ಸಂಸದರಿಗೂ 194(2)ನೇ ವಿಧಿ ಶಾಸಕರಿಗೂ ಸದನದಲ್ಲಿ ಆಡಿದ ಮಾತಿಗೆ ನ್ಯಾಯಾಲಯದಿಂದ ರಕ್ಷಣೆ ಕೊಡುತ್ತವೆ. ಅಧಿಕಾರದಲ್ಲಿರುವವರ ಹುಳುಕನ್ನು ಭಯವಿಲ್ಲದೆ ಎತ್ತಿ ತೋರಿಸಲಿ ಎಂಬುದು ಇದರ ಉದ್ದೇಶ. ಸಭಾಧ್ಯಕ್ಷರು ಮಾತನ್ನು ಕಡತದಿಂದ ತೆಗೆಸಬಹುದು, ಸದಸ್ಯರನ್ನು ಅಮಾನತಿನಲ್ಲಿಡಬಹುದು, ಹಕ್ಕುಬಾಧ್ಯತಾ ಸಮಿತಿಗೆ ಕಳಿಸಬಹುದು. ನೇರಪ್ರಸಾರದ ಕಾಲದಲ್ಲಿ ಕಡತದಿಂದ ತೆಗೆದ ಮಾತು ಎಲ್ಲರ ಮೊಬೈಲಿನಲ್ಲಿ ಉಳಿದಿರುತ್ತದೆ ಎಂಬುದು ಬೇರೆ ಮಾತು.

ಈ ರಕ್ಷಣೆ ಎಲ್ಲಿಯವರೆಗೆ ಎಂಬ ಪ್ರಶ್ನೆ ನಮ್ಮ ಬೆಳಗಾವಿಯಲ್ಲೇ ಎದ್ದಿದೆ. 2024ರ ಡಿಸೆಂಬರ್ 17ರಂದು ಅಮಿತ್ ಶಾ ರಾಜ್ಯಸಭೆಯಲ್ಲಿ ಅಂಬೇಡ್ಕರ್ ಹೆಸರು ಹೇಳಿದ ರೀತಿಗೆ ದೇಶದಾದ್ಯಂತ ಪ್ರತಿಭಟನೆ ಶುರುವಾಯಿತು. ಎರಡೇ ದಿನಕ್ಕೆ ಆ ಕಾವು ಸುವರ್ಣ ವಿಧಾನಸೌಧದ ಪರಿಷತ್ತಿಗೆ ತಾಗಿತು. ಆ ಗದ್ದಲದಲ್ಲಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ವಿರುದ್ಧ ಬಿಜೆಪಿಯ ಸಿ.ಟಿ. ರವಿ ಅಶ್ಲೀಲ ಪದ ಬಳಸಿದರು ಎಂಬ ಆರೋಪ ಬಂತು. ರವಿ ಅದನ್ನು ನಿರಾಕರಿಸಿದ್ದಾರೆ. ಅಂದೇ ಬಂಧನ, ಮರುದಿನ ಹೈಕೋರ್ಟ್ ಆದೇಶದಿಂದ ಬಿಡುಗಡೆ. ಸದನದ ಕೆಲಸಕ್ಕೆ ಸಂಬಂಧವೇ ಇಲ್ಲದ ಬೈಗುಳಕ್ಕೂ ರಕ್ಷಣೆ ಇದೆಯೇ ಎಂಬ ವಾದ ಅಲ್ಲಿಂದ ನ್ಯಾಯಾಲಯದ ಮೆಟ್ಟಿಲೇರಿತು. ಆ ಪದ ಆಡಿದ್ದು ನಿಜವೇ ಎಂಬುದನ್ನು ನ್ಯಾಯಾಲಯವೇ ತೀರ್ಮಾನಿಸಬೇಕು. ನನ್ನನ್ನು ಕಾಡುವುದು ಇನ್ನೊಂದು: ಉತ್ತರ ಕರ್ನಾಟಕದ ಸಮಸ್ಯೆಗಳಿಗೆಂದೇ ನಡೆಯುವ ಅಧಿವೇಶನದ ಕೊನೆಯ ದಿನ ಹೀಗೆ ಹೋಯಿತು.

ಧರಣಿ, ಗದ್ದಲದಿಂದ ನಿಜಕ್ಕೂ ನಷ್ಟವಾಗುವುದು ಯಾರಿಗೆ?

ಇದಕ್ಕೆ 2022ರ ಫೆಬ್ರುವರಿಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕೆಂಪುಕೋಟೆಯ ಮೇಲೆ ಮುಂದೊಂದು ದಿನ ಭಗವಾಧ್ವಜ ಹಾರಬಹುದು ಎಂದು ಅಂದಿನ ಗ್ರಾಮೀಣಾಭಿವೃದ್ಧಿ ಸಚಿವ ಕೆ.ಎಸ್. ಈಶ್ವರಪ್ಪ ಹೇಳಿದ್ದರು. ಅವರನ್ನು ಸಂಪುಟದಿಂದ ಕೈಬಿಡಬೇಕು, ರಾಜದ್ರೋಹದ ಪ್ರಕರಣ ದಾಖಲಿಸಬೇಕು ಎಂದು ಕಾಂಗ್ರೆಸ್ ಪಟ್ಟು ಹಿಡಿಯಿತು. ಶಾಸಕರು ಹಾಸಿಗೆ ದಿಂಬು ತಂದು ವಿಧಾನಸೌಧದೊಳಗೆ ಅಹೋರಾತ್ರಿ ಧರಣಿ ಕೂತರು. ಸರ್ಕಾರ ಜಗ್ಗಲಿಲ್ಲ, ವಿರೋಧ ಪಕ್ಷ ಏಳಲಿಲ್ಲ. 25ರವರೆಗೆ ನಡೆಯಬೇಕಿದ್ದ ಅಧಿವೇಶನ 22ಕ್ಕೇ ಮುಗಿದುಹೋಯಿತು.

ಆ ಕೊನೆಯ ದಿನ ಗದ್ದಲದ ನಡುವೆಯೇ, ಚರ್ಚೆಯೇ ಇಲ್ಲದೆ ಅಂಗೀಕಾರವಾದ ಮಸೂದೆಗಳಲ್ಲಿ ಎರಡು ಇವು: ಸಚಿವರ ಸಂಬಳ, ಭತ್ಯೆ ಹೆಚ್ಚಿಸುವುದು ಒಂದು, ಶಾಸಕರ ಸಂಬಳ, ಪಿಂಚಣಿ, ಭತ್ಯೆ ಹೆಚ್ಚಿಸುವುದು ಇನ್ನೊಂದು.

ಇದನ್ನು ಓದಿ ಯಾರೂ ಧರಣಿಯೇ ತಪ್ಪು ಎಂದುಕೊಳ್ಳಬೇಡಿ. ರಾಷ್ಟ್ರಧ್ವಜದ ಬಗ್ಗೆ ಸಚಿವರೊಬ್ಬರು ಹಾಗೆ ಮಾತಾಡಿದರೆ ವಿರೋಧ ಪಕ್ಷ ಪ್ರಶ್ನಿಸಲೇಬೇಕು. ಆದರೆ ಆ ವಾರ ಸದನದಲ್ಲಿ ಬರಬೇಕಿದ್ದ ರೈತರ ಪ್ರಶ್ನೆ, ಶಾಲೆಯ ಪ್ರಶ್ನೆ, ಆಸ್ಪತ್ರೆಯ ಪ್ರಶ್ನೆ ಯಾವುದೂ ಬರಲಿಲ್ಲ. ಸರ್ಕಾರಕ್ಕೆ ಉತ್ತರ ಹೇಳುವ ಕಷ್ಟ ತಪ್ಪಿತು. ವಿವಾದದಿಂದ ಆಡಳಿತ ಪಕ್ಷಕ್ಕೆ ಮುಜುಗರ ಆಗುತ್ತದೆ ಎಂದು ನಾವು ಭಾವಿಸುತ್ತೇವೆ. ಎಷ್ಟೋ ಸಲ ಅದಕ್ಕೆ ಬಿಡುವು ಸಿಗುತ್ತದೆ.

ಎಲ್ಲ ಪಕ್ಷಗಳೂ ಒಟ್ಟಾಗಿ ಸುಮ್ಮನಿದ್ದ ಉದಾಹರಣೆ ಇದೆಯೇ?

ಇದೆ. 2021ರ ಡಿಸೆಂಬರ್ 16ರಂದು ಬೆಳಗಾವಿಯ ವಿಧಾನಸಭೆಯಲ್ಲಿ, ಮಳೆ–ಪ್ರವಾಹದ ಹಾನಿಯ ಚರ್ಚೆಗೆ ಸಮಯ ಹಂಚುವ ಮಾತು ನಡೆದಿದ್ದಾಗ, ಕಾಂಗ್ರೆಸ್ಸಿನ ಹಿರಿಯ ಶಾಸಕ, ಮಾಜಿ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅತ್ಯಾಚಾರದ ಬಗ್ಗೆ ಒಂದು ಹೇಯ ಗಾದೆ ಉದ್ಧರಿಸಿದರು. ಪೀಠದಲ್ಲಿದ್ದ ಬಿಜೆಪಿಯ ಸಭಾಧ್ಯಕ್ಷರು ನಕ್ಕರು, ಸದನವೂ ನಕ್ಕಿತು. ಆ ಕ್ಷಣದಲ್ಲಿ ಯಾವ ಬೆಂಚಿನಿಂದಲೂ ಆಕ್ರೋಶ ಏಳಲಿಲ್ಲ. ವಿಡಿಯೊ ಹೊರಗೆ ಹರಡಿ ಜನ ಛೀಮಾರಿ ಹಾಕಿದ ಮೇಲೆ, ಕಾಂಗ್ರೆಸ್ಸಿನದೇ ಶಾಸಕಿಯರು ದನಿ ಎತ್ತಿದ ಮೇಲೆ, ಮರುದಿನ ಕ್ಷಮೆ ಬಂತು. 2019ರಲ್ಲಿ ಸಭಾಧ್ಯಕ್ಷರಾಗಿದ್ದಾಗಲೂ ತಮ್ಮ ಸ್ಥಿತಿಯನ್ನು ಅತ್ಯಾಚಾರ ಸಂತ್ರಸ್ತೆಯ ಸ್ಥಿತಿಗೆ ಹೋಲಿಸಿ ಅವರು ಕ್ಷಮೆ ಕೇಳಬೇಕಾಗಿ ಬಂದಿತ್ತು. 2023ರ ಚುನಾವಣೆಯಲ್ಲಿ ಶ್ರೀನಿವಾಸಪುರದಿಂದ ಕಾಂಗ್ರೆಸ್ ಟಿಕೆಟ್ ಅವರಿಗೇ ಸಿಕ್ಕಿತು, ಅವರು ಸೋತರು.

ಸ್ವಂತ ಪಕ್ಷದ ಹಿರಿಯರ ವಿರುದ್ಧ ಮಾತಾಡಿದ ಆ ಶಾಸಕಿಯರ ಸಿಟ್ಟನ್ನು ನಾನು ಪೂರ್ತಿ ನಂಬುತ್ತೇನೆ. ಅದರಿಂದ ಅವರಿಗೆ ಲಾಭವೇನೂ ಇರಲಿಲ್ಲ.

‘ನಿಮ್ಮವರು ಹೇಳಿದಾಗ ಎಲ್ಲಿ ಹೋಗಿದ್ದಿರಿ?’ ಎಂದು ಕೇಳುವುದು ತಪ್ಪೇ?

ಯಾರು, ಯಾರನ್ನು, ಏಕೆ ಕೇಳುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಮತದಾರರು ಎಲ್ಲ ಪಕ್ಷಗಳಿಗೂ ಕೇಳಿದರೆ ಅದು ನ್ಯಾಯದ ಪ್ರಶ್ನೆ. ತಪ್ಪು ಮಾಡಿದ ಪಕ್ಷದ ವಕ್ತಾರ ಇದನ್ನೇ ಉತ್ತರವಾಗಿ ಕೊಟ್ಟರೆ ಅದು ನುಣುಚಿಕೊಳ್ಳುವಿಕೆ. ಮೊದಲು ‘ನಮ್ಮವರದು ತಪ್ಪು’ ಎಂದು ಒಪ್ಪಿಕೊಂಡು ಆಮೇಲೆ ಬೇಕಾದರೆ ಹಳೆಯದನ್ನು ಎತ್ತಲಿ.

‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬುದು ಕ್ಷಮೆಯೇ?

ಅಲ್ಲ. ನೋವಾಗಿದ್ದು ಕಣ್ಣೆದುರೇ ಇರುವಾಗ ‘ಆಗಿದ್ದರೆ’ ಎಂಬುದಕ್ಕೆ ಅರ್ಥವಿಲ್ಲ. ಒಳ್ಳೆಯ ಕ್ಷಮೆಯಲ್ಲಿ ಯಾರಿಗೆ, ಯಾವ ಮಾತಿನಿಂದ ನೋವಾಯಿತು ಎಂಬುದು ಇರುತ್ತದೆ, ‘ಮಾಧ್ಯಮದವರು ತಿರುಚಿದರು’ ಎಂಬ ಬಾಲ ಇರುವುದಿಲ್ಲ. ವಿಜಯ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಚಿವರ ಕ್ಷಮೆಯನ್ನು ಒಪ್ಪಲಿಲ್ಲ, ಮೂವರು ಐಪಿಎಸ್ ಅಧಿಕಾರಿಗಳ ವಿಶೇಷ ತನಿಖಾ ತಂಡ ರಚಿಸಲು ಹೇಳಿತು. ಮತ್ತೊಂದು ಬಗೆಯ ಉದಾಹರಣೆಯೂ ಉಂಟು. 2022ರ ಜುಲೈನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಬಗ್ಗೆ ಬಳಸಿದ ಪದಕ್ಕಾಗಿ ಕಾಂಗ್ರೆಸ್ಸಿನ ಅಧೀರ್ ರಂಜನ್ ಚೌಧರಿ, ಬಾಯಿತಪ್ಪಿ ಬಂದದ್ದೆಂದು ಹೇಳಿ, ರಾಷ್ಟ್ರಪತಿಯವರಿಗೇ ಪತ್ರ ಬರೆದು ಕ್ಷಮೆ ಕೇಳಿದರು. ಅಷ್ಟರಲ್ಲಿ ಅವರ ಮಾತಿಗೆ ಸೋನಿಯಾ ಗಾಂಧಿಯವರೇ ಕ್ಷಮೆ ಕೇಳಬೇಕೆಂದು ಬಿಜೆಪಿ ಸಂಸದರು ಸದನವನ್ನು ಸ್ತಬ್ಧಗೊಳಿಸಿದ್ದರು. ತಪ್ಪು ಮಾಡಿದವರ ಕ್ಷಮೆ ಸಾಲದು, ನಾಯಕರೇ ತಲೆಬಾಗಬೇಕು ಎಂಬ ಹಠ ಶುರುವಾದರೆ ವಿಷಯ ಗೌರವದ್ದಾಗಿ ಉಳಿಯುವುದಿಲ್ಲ.

ಎಫ್‌ಐಆರ್ ಆದ ಸುದ್ದಿ ಬರುತ್ತದೆ, ಶಿಕ್ಷೆಯಾದ ಸುದ್ದಿ ಏಕೆ ಬರುವುದಿಲ್ಲ?

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಕೀಲಿ ಇಲ್ಲಿದೆ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು (ಬಿಎನ್‌ಎಸ್ 196, ಹಳೆಯ ಐಪಿಸಿ 153ಎ) ಮತ್ತು ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದು (ಬಿಎನ್‌ಎಸ್ 299, ಹಳೆಯ 295ಎ) ಎರಡಕ್ಕೂ ಮೂರು ವರ್ಷದವರೆಗೆ ಜೈಲು ಇದೆ. ಪೊಲೀಸರು ಎಫ್‌ಐಆರ್ ದಾಖಲಿಸಬಹುದು, ತನಿಖೆಯನ್ನೂ ಮಾಡಬಹುದು. ಆದರೆ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 217ನೇ ಸೆಕ್ಷನ್ ಹೇಳುವುದು ಇದನ್ನೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ (ಸಿಆರ್‌ಪಿಸಿ) 196ನೇ ಸೆಕ್ಷನ್ ಇದೇ ಆಗಿತ್ತು.

ಅಂದರೆ ಎಫ್‌ಐಆರ್ ದಿನ ಕ್ಯಾಮೆರಾಗಳಿರುತ್ತವೆ, ಅನುಮತಿಯ ಕಡತ ಗೃಹ ಇಲಾಖೆಯ ಮೇಜಿನ ಮೇಲಿರುತ್ತದೆ. ಮಾತಾಡಿದವರು ಆಡಳಿತ ಪಕ್ಷದವರಾದರೆ ಕಡತ ಮಲಗುತ್ತದೆ, ವಿರೋಧ ಪಕ್ಷದವರಾದರೆ ಓಡುತ್ತದೆ, ಸರ್ಕಾರ ಬದಲಾದರೆ ದಿಕ್ಕೂ ಬದಲಾಗುತ್ತದೆ ಎಂಬ ದೂರಿಗೆ ದಾರಿಯಾಗಿರುವುದು ಈ ವ್ಯವಸ್ಥೆಯೇ. ಮುಂದಿನ ಬಾರಿ ನಿಮ್ಮ ಶಾಸಕರು ‘ಎಫ್‌ಐಆರ್ ಹಾಕಿಸಿದ್ದೇವೆ’ ಎಂದು ಎದೆ ತಟ್ಟಿಕೊಂಡರೆ, ಅನುಮತಿ ಕೊಟ್ಟಿದ್ದೀರಾ ಎಂದು ಕೇಳಿ.

ಪ್ರಕರಣ ಹಿಂಪಡೆಯುವ ದಾರಿಯೂ ಇತ್ತು. ಹಾಲಿ, ಮಾಜಿ ಸಂಸದರು ಮತ್ತು ಶಾಸಕರ ಮೇಲಿನ ಪ್ರಕರಣಗಳನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂಪಡೆಯಬಾರದು ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಆದೇಶಿಸಿದ ಮೇಲೆ ಅದು ಕಿರಿದಾಗಿದೆ. ದ್ವೇಷಭಾಷಣ ಕಂಡರೆ ದೂರಿಗೆ ಕಾಯದೆ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಬೇಕು ಎಂಬ ಆದೇಶವನ್ನು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು.

ಅನುಮತಿ ಬೇಡದ ಪ್ರಕರಣಗಳಿಲ್ಲವೇ?

ಇವೆ. ಮಹಿಳೆಯ ಮಾನಕ್ಕೆ ಕುಂದು ತರುವ ಮಾತು (ಬಿಎನ್‌ಎಸ್ 79), ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಬರುವ ಸಾರ್ವಜನಿಕ ಜಾತಿನಿಂದನೆ, ಮಾನನಷ್ಟ (ಬಿಎನ್‌ಎಸ್ 356). ಮಾನನಷ್ಟದಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ, ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು.

ಒಂದು ಮಾತಿನಿಂದ ಸಂಸದ, ಶಾಸಕ ಸ್ಥಾನ ಹೋಗಬಹುದೇ?

ಹೋಗಬಹುದು. ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅನರ್ಹತೆ. ದ್ವೇಷ ಹುಟ್ಟಿಸಿದ ಅಪರಾಧದಲ್ಲಾದರೆ ಬರೀ ದಂಡ ಬಿದ್ದರೂ ಆರು ವರ್ಷ ಅನರ್ಹತೆ. 2013ರ ಲಿಲಿ ಥಾಮಸ್ ತೀರ್ಪಿನ ನಂತರ ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಸ್ಥಾನ ಉಳಿಯುವುದಿಲ್ಲ.

ಕೋಲಾರದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. 2019ರ ಏಪ್ರಿಲ್ 13ರಂದು ರಾಹುಲ್ ಗಾಂಧಿ ಮೋದಿ ಉಪನಾಮದ ಬಗ್ಗೆ ಮಾತಾಡಿದ್ದು ಅಲ್ಲೇ. ದೂರು ದಾಖಲಾದದ್ದು ಸೂರತ್‌ನಲ್ಲಿ. 2023ರ ಮಾರ್ಚ್ 23ರಂದು ಎರಡು ವರ್ಷ ಶಿಕ್ಷೆ, ಮರುದಿನವೇ ಅನರ್ಹತೆ. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, 7ಕ್ಕೆ ಸಂಸದ ಸ್ಥಾನ ಮರಳಿತು. ಮಾತು ಒಳ್ಳೆಯ ಅಭಿರುಚಿಯದಲ್ಲ ಎಂದೂ, ಗರಿಷ್ಠ ಶಿಕ್ಷೆಗೆ ವಿಚಾರಣಾ ನ್ಯಾಯಾಲಯ ಕಾರಣ ಕೊಟ್ಟಿಲ್ಲ ಎಂದೂ ಕೋರ್ಟ್ ಹೇಳಿತು. ಎರಡನ್ನೂ ಒಟ್ಟಿಗೆ ಉಲ್ಲೇಖಿಸುವ ಪಕ್ಷದವರು ವಿರಳ. ಪ್ರತಿಯೊಬ್ಬರೂ ತಮಗೆ ಬೇಕಾದ ಅರ್ಧವನ್ನಷ್ಟೇ ಹೇಳುತ್ತಾರೆ.

ಚುನಾವಣಾ ಆಯೋಗ ಏನು ಮಾಡಬಲ್ಲದು?

ಮಾದರಿ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಪ್ರಚಾರಕ್ಕೆ ನಿರ್ಬಂಧ ಹೇರಬಹುದು. 2019ರ ಏಪ್ರಿಲ್ 15ರಂದು ಯೋಗಿ ಆದಿತ್ಯನಾಥ, ಆಜಂ ಖಾನ್ ಅವರಿಗೆ 72 ಗಂಟೆ, ಮಾಯಾವತಿ, ಮೇನಕಾ ಗಾಂಧಿ ಅವರಿಗೆ 48 ಗಂಟೆ ನಿರ್ಬಂಧ ಬಿತ್ತು. ಸುಪ್ರೀಂ ಕೋರ್ಟ್ ಆಯೋಗದ ನಿಷ್ಕ್ರಿಯತೆಯನ್ನು ಪ್ರಶ್ನಿಸಿದ ದಿನವೇ ಅದು ಎಚ್ಚೆತ್ತದ್ದು. 2024ರಲ್ಲಿ ಹೇಮಾ ಮಾಲಿನಿ ಅವರ ಬಗೆಗಿನ ಮಾತಿಗಾಗಿ ರಣದೀಪ್ ಸುರ್ಜೇವಾಲಾ ಅವರಿಗೆ 48 ಗಂಟೆ ನಿರ್ಬಂಧ ಬಿತ್ತು. ಅದೇ ಚುನಾವಣೆಯಲ್ಲಿ ಪ್ರಧಾನಿ ಮತ್ತು ರಾಹುಲ್ ಗಾಂಧಿ ಅವರ ಭಾಷಣಗಳ ಮೇಲಿನ ದೂರುಗಳಿಗೆ ನೋಟಿಸ್ ಹೋದದ್ದು ಮಾತಾಡಿದವರಿಗಲ್ಲ, ಆಗ ಪಕ್ಷಾಧ್ಯಕ್ಷರಾಗಿದ್ದ ಜೆ.ಪಿ. ನಡ್ಡಾ ಮತ್ತು ಮಲ್ಲಿಕಾರ್ಜುನ ಖರ್ಗೆ ಅವರಿಗೆ. ಪಕ್ಷವನ್ನು ಹೊಣೆ ಮಾಡುವುದು ಒಳ್ಳೆಯದೇ, ಆದರೆ ಆಡಿದವರ ಹೆಸರು ಹಿಡಿದು ಕೇಳದಿದ್ದರೆ ಅಳುಕಿದಂತೆ ಕಾಣುತ್ತದೆ.

1968ರ ಚಿಹ್ನೆಗಳ ಆದೇಶದ 16ಎ ಪ್ಯಾರಾ ಪ್ರಕಾರ ನೀತಿ ಸಂಹಿತೆ ಮೀರುವ ಪಕ್ಷದ ಮಾನ್ಯತೆಯನ್ನೇ ಅಮಾನತು ಮಾಡುವ ಅಧಿಕಾರ ಆಯೋಗಕ್ಕಿದೆ. ದೊಡ್ಡ ಪಕ್ಷಗಳು ಮಾತಿಗಾಗಿ ಆ ಭಯಪಟ್ಟಂತೆ ಕಂಡಿಲ್ಲ.

ಭಾಷಣಕ್ಕಾಗಿ ಚುನಾವಣೆಯೇ ಅಸಿಂಧುವಾದದ್ದೂ ಇದೆ. 1987ರ ವಿಲೆಪಾರ್ಲೆ ಉಪಚುನಾವಣೆಯಲ್ಲಿ ಬಾಳ್ ಠಾಕ್ರೆ ಮಾಡಿದ ಭಾಷಣಗಳಿಂದ ಗೆದ್ದ ಅಭ್ಯರ್ಥಿಯ ಆಯ್ಕೆ ರದ್ದಾಯಿತು, ಠಾಕ್ರೆ ಆರು ವರ್ಷ ಮತದಾನದ ಹಕ್ಕು ಕಳೆದುಕೊಂಡರು. ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬರಲು 1995ರ ಡಿಸೆಂಬರ್ ಆಗಿತ್ತು.

ಕಠಿಣ ಕಾನೂನು ತಂದರೆ ಎಲ್ಲ ಸರಿಹೋಗುತ್ತದೆಯೇ?

ನನಗೆ ಹಾಗನ್ನಿಸುವುದಿಲ್ಲ. ಕಠಿಣ ಕಾನೂನಿನ ಹಿಡಿಕೆ ಇರುವುದು ಅಧಿಕಾರದಲ್ಲಿರುವವರ ಕೈಯಲ್ಲಿ. ಮೊದಲು ಸಿಕ್ಕಿಬೀಳುವವರು ಬಲಿಷ್ಠ ನಾಯಕರಲ್ಲ, ಒಂದು ಪೋಸ್ಟ್ ಹಾಕಿದ ವಿದ್ಯಾರ್ಥಿ, ಒಂದು ಪದ್ಯ ಓದಿದ ಕವಿ. 2025ರ ಮಾರ್ಚ್ 28ರಂದು ಕವಿ, ಕಾಂಗ್ರೆಸ್ ಸಂಸದ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಲ್ಲಿ ನೆನಪಿಡಬೇಕಾದದ್ದು: ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳ ವ್ಯಕ್ತಿಯ ಅಳತೆಯಿಂದ ನೋಡಬೇಕು, ಪ್ರತಿ ಟೀಕೆಯಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನ ಅಳತೆಯಿಂದಲ್ಲ. ಸರ್ಕಾರವನ್ನು ಕಟುವಾಗಿ ಟೀಕಿಸುವುದೂ ಒಂದು ಸಮುದಾಯದ ಮೇಲೆ ದ್ವೇಷ ಕಾರುವುದೂ ಒಂದೇ ಅಲ್ಲ. ಪಕ್ಷಗಳು ಬೇಕೆಂದೇ ಎರಡನ್ನೂ ಕಲಸುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ತುಣುಕು ನಿಜವೇ ಎಂದು ಹೇಗೆ ತಿಳಿಯುವುದು?

ಸಂಸತ್ತಿನಲ್ಲಿ ಆಡಿದ ಮಾತಾದರೆ ಪೂರ್ತಿ ವಿಡಿಯೊ ಸಂಸದ್ ಟಿವಿಯ ಯೂಟ್ಯೂಬ್ ಚಾನೆಲ್‌ನಲ್ಲಿ ಸಿಗುತ್ತದೆ, ಕಲಾಪದ ಬರಹರೂಪ ಸಂಸತ್ತಿನ ಜಾಲತಾಣದಲ್ಲಿರುತ್ತದೆ. ಅಮಿತ್ ಶಾ ಅವರ ಅಂಬೇಡ್ಕರ್ ಹೇಳಿಕೆಯ ವಿವಾದದಲ್ಲಿ ಕಾಂಗ್ರೆಸ್ ಒಂದು ಸಣ್ಣ ತುಣುಕು ತೋರಿಸಿತು, ಬಿಜೆಪಿ ಮಾತು ತಿರುಚಲಾಗಿದೆ ಎಂದಿತು. ಪೂರ್ತಿ ಭಾಷಣ ಕೇಳಿದವರಿಗೆ ಸ್ವಂತ ಅಭಿಪ್ರಾಯಕ್ಕೆ ಬರುವ ಅವಕಾಶ ಇತ್ತು. 2024ರ ಏಪ್ರಿಲ್‌ನಲ್ಲಿ ಮೀಸಲಾತಿಯ ಬಗ್ಗೆ ಅದೇ ಶಾ ಅವರ ಹೆಸರಿನಲ್ಲಿ ಹರಿದಾಡಿದ ವಿಡಿಯೊ ಮಾತ್ರ ಕತ್ತರಿಸಿ ಜೋಡಿಸಿದ್ದಾಗಿತ್ತು, ಬಂಧನಗಳೂ ಆದವು. ‘ತಿರುಚಲಾಗಿದೆ’ ಎಂಬ ಸಮರ್ಥನೆ ಒಮ್ಮೊಮ್ಮೆ ನಿಜವೂ ಆಗಿರುತ್ತದೆ. ಹಾಗಾಗಿ ಹಿಂದಿನ ಮುಂದಿನ ಎರಡು ನಿಮಿಷ ಕೇಳದೆ ಯಾವುದನ್ನೂ ಮುಂದೆ ಕಳಿಸಬೇಡಿ. ಒಂದು ಸಮುದಾಯವನ್ನೋ ಹೆಣ್ಣುಮಗಳನ್ನೋ ನಿಂದಿಸುವ ತುಣುಕನ್ನು ಖಂಡಿಸುವುದಕ್ಕಾಗಿಯೂ ಹಂಚಬೇಡಿ. ನಿಂದನೆಗೆ ಗುರಿಯಾದವರು ಅದನ್ನು ಪ್ರತಿ ಗುಂಪಿನಲ್ಲೂ ಮತ್ತೆ ಕೇಳಬೇಕಾಗುತ್ತದೆ.

ಸಾಮಾನ್ಯ ಮತದಾರರು ಏನು ಮಾಡಬಹುದು?

ದ್ವೇಷಭಾಷಣದ ಪ್ರಕರಣಗಳನ್ನು ತಾವೇ ಘೋಷಿಸಿಕೊಂಡ ಹಾಲಿ ಸಂಸದರು, ಶಾಸಕರು 107 ಮಂದಿ ಎಂದು ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ (ಎಡಿಆರ್) 2023ರ ಅಕ್ಟೋಬರ್‌ನಲ್ಲಿ ಲೆಕ್ಕ ಕೊಟ್ಟಿತ್ತು. ಅದು ಗುಟ್ಟಿನ ಮಾಹಿತಿಯಲ್ಲ, ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿರುವುದು. ಆಯೋಗದ ಜಾಲತಾಣದಲ್ಲೂ ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲೂ ಯಾರು ಬೇಕಾದರೂ ನೋಡಬಹುದು.

2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಕ್ರಿಮಿನಲ್ ಪ್ರಕರಣವಿರುವವರಿಗೆ ಟಿಕೆಟ್ ಕೊಟ್ಟರೆ ಅವರನ್ನೇ ಏಕೆ ಆರಿಸಿದೆವು, ಪ್ರಕರಣವಿಲ್ಲದ ಬೇರೊಬ್ಬರು ಏಕೆ ಸಿಗಲಿಲ್ಲ ಎಂದು ಪಕ್ಷವೇ ಬರೆದು ಪ್ರಕಟಿಸಬೇಕು. ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗಿರಬಾರದು ಎಂದೂ ಆ ಆದೇಶದಲ್ಲಿದೆ. ಈ ವಿವರ ಇರುವುದು ನಮೂನೆ ಸಿ–7ರಲ್ಲಿ. ಪಕ್ಷಗಳ ಜಾಲತಾಣದ ಯಾವುದೋ ಮೂಲೆಯಲ್ಲಿ ಅದು ಇರುತ್ತದೆ, ಹುಡುಕಿ ಓದಿ. ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಹೆಸರಿನ ಮುಂದೆ ಏನು ಬರೆದಿದ್ದಾರೆ ನೋಡಿ, ಮತ ಕೇಳಲು ಮನೆಗೆ ಬಂದವರಿಗೆ ಅದನ್ನೇ ತೋರಿಸಿ ಪ್ರಶ್ನಿಸಿ.

ಚುನಾವಣೆಯ ಸಮಯದಲ್ಲಿ ನಿಮ್ಮೆದುರೇ ದ್ವೇಷಭಾಷಣ ನಡೆದರೆ ಆಯೋಗದ ಸಿ–ವಿಜಿಲ್ ಆ್ಯಪ್‌ನಲ್ಲೇ ಚಿತ್ರೀಕರಿಸಿ ದೂರು ಕೊಡಬಹುದು. ಹೆಸರು ಹೇಳದೆಯೂ ಕೊಡಬಹುದು. ಮೊದಲೇ ತೆಗೆದಿಟ್ಟ ವಿಡಿಯೊವನ್ನು ಅದು ಸ್ವೀಕರಿಸುವುದಿಲ್ಲ, ಸ್ಥಳದಲ್ಲೇ ಆ್ಯಪ್ ತೆರೆದು ದಾಖಲಿಸಬೇಕು. 100 ನಿಮಿಷದೊಳಗೆ ದೂರಿನ ಮೇಲೆ ಕ್ರಮವಾಗಬೇಕು ಎಂಬುದು ಆಯೋಗ ಹಾಕಿಕೊಂಡಿರುವ ಗಡುವು. ಹೆಸರು ಕೊಟ್ಟು ದೂರು ಸಲ್ಲಿಸಿದರೆ ಸಿಗುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಏನಾಯಿತೆಂದು ನಂತರ ವಿಚಾರಿಸಲು ಅದು ಬೇಕಾಗುತ್ತದೆ.